ರೆಡಿಮೇಡ್ ಗ್ರಾಫಿಕ್ಸ್ ಹಾಕಿದರೆ ಒತ್ತಕ್ಷರ ಒಡೆಯುವುದೇಕೆ?

ಪ್ರಶ್ನೆ: ಊರಿನ ಯಕ್ಷಗಾನ ಮೇಳದ ಆಟಗಳನ್ನು ಒಬಿಎಸ್ ಸ್ಟುಡಿಯೊ ಎಂಬ ಲೈವ್ ಪ್ರಸಾರದ ತಂತ್ರಾಂಶದಿಂದ ಯೂಟ್ಯೂಬ್‌ನಲ್ಲಿ ಲೈವ್ ಕೊಡುತ್ತೇವೆ. ತೆರೆಯ ಕೆಳಗೆ ಹೆಸರು ತೋರಿಸುವ ಪಟ್ಟಿ, ಟ್ರಾನ್ಸಿಷನ್ (ದೃಶ್ಯ ಬದಲಾಗುವಾಗಿನ ಗ್ರಾಫಿಕ್) ಎಲ್ಲ ಇರುವ ಉಚಿತ ಪ್ಯಾಕ್ ಒಂದನ್ನು ಇಳಿಸಿಕೊಂಡೆವು. ಅದರ ಸೀನ್ ಕಲೆಕ್ಷನ್ (ಸಿದ್ಧ ದೃಶ್ಯಗಳ ಜೋಡಣೆ) ಇಂಪೋರ್ಟ್ ಮಾಡಿದರೆ ಅರ್ಧದಷ್ಟು ಖಾಲಿ ಕಾಣುತ್ತಿದೆ, ಉಳಿದದ್ದು ಪರದೆಯಿಂದ ಆಚೆ ಹೋಗಿದೆ. ಕಲಾವಿದರ ಹೆಸರು ಕನ್ನಡದಲ್ಲಿ ಹಾಕಿದರೆ ಒತ್ತಕ್ಷರ ಒಡೆಯುತ್ತದೆ. ಎಲ್ಲಿಂದ ಸರಿಪಡಿಸಬೇಕು?

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ. ಈಗ ಇಂಪೋರ್ಟ್ ಆಗಿರುವುದನ್ನು ತೆಗೆದುಹಾಕಿ, ಮೊದಲಿನಿಂದ ಕ್ರಮವಾಗಿ ಮಾಡುವುದೇ ಸುಲಭ. ಅದಕ್ಕೂ ಮುಂಚೆ ನಿಮ್ಮ ಹಳೆಯ ಸೀನ್ ಕಲೆಕ್ಷನ್ ಅನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಸೀನ್ ಕಲೆಕ್ಷನ್ ಫೈಲಿನಲ್ಲಿ ಚಿತ್ರವಾಗಲಿ ವಿಡಿಯೊವಾಗಲಿ ಇರುವುದಿಲ್ಲ. ಅವು ಯಾವ ಡ್ರೈವ್, ಯಾವ ಫೋಲ್ಡರ್‌ನಲ್ಲಿವೆ ಎಂಬ ದಾರಿ ಮಾತ್ರ ಇರುತ್ತದೆ, ಅದೂ ಪ್ಯಾಕ್ ತಯಾರಿಸಿದವರ ಕಂಪ್ಯೂಟರಿನದು. ಹಾಗಾಗಿ ಪ್ಯಾಕ್ ಅನ್ನು ಮೊದಲು ಅನ್‌ಜಿಪ್ ಮಾಡಿ, ಮುಂದೆ ಎಂದೂ ಕದಲಿಸದ ಜಾಗದಲ್ಲಿ ಇಡಿ. ಡೌನ್‌ಲೋಡ್ಸ್ ಫೋಲ್ಡರ್ ಬೇಡ, ಯಾರಾದರೂ ಒಂದು ದಿನ ಅದನ್ನು ಖಾಲಿ ಮಾಡಿಯೇ ಮಾಡುತ್ತಾರೆ. ಇಂಪೋರ್ಟ್ ಮಾಡಿ ಆ ಕಲೆಕ್ಷನ್ ತೆರೆದಾಗ ಸಿಗದ ಫೈಲುಗಳ ಪಟ್ಟಿ ಬರುತ್ತದೆ. ಅಲ್ಲಿ ‘ಸರ್ಚ್ ಡೈರೆಕ್ಟರಿ’ ಒತ್ತಿ ಪ್ಯಾಕ್ ಇರುವ ಫೋಲ್ಡರ್ ತೋರಿಸಿದರೆ ಬಹುಪಾಲು ತಾನಾಗಿ ಜೋಡಣೆಯಾಗುತ್ತದೆ. ಆಮೇಲೂ ಖಾಲಿ ಉಳಿದರೆ, ಪ್ಯಾಕ್ ಕೇಳುವ ಪ್ಲಗಿನ್ (ಹೆಚ್ಚುವರಿ ತಂತ್ರಾಂಶ) ನಿಮ್ಮಲ್ಲಿ ಇಲ್ಲ ಎಂದೇ ಹೆಚ್ಚಿನ ಸಲ ಅರ್ಥ. ಪ್ಯಾಕ್‌ ಜೊತೆಗೆ ಬಂದ ಸೂಚನೆಯ ಫೈಲನ್ನು ಓದಿ.

ಪರದೆಯಿಂದ ಆಚೆ ಹೋಗುವುದಕ್ಕೆ ಕ್ಯಾನ್ವಾಸ್ (ದೃಶ್ಯ ಜೋಡಿಸುವ ಚೌಕಟ್ಟು) ಅಳತೆ ಕಾರಣ. ರೆಸಲ್ಯೂಷನ್, ಫ್ರೇಮ್ ರೇಟ್ ಇರುವುದು ಒಬಿಎಸ್ ಸೆಟ್ಟಿಂಗ್ಸ್ ಉಳಿಸಿಡುವ ಪ್ರೊಫೈಲ್‌ನಲ್ಲಿ. ಸೀನ್ ಕಲೆಕ್ಷನ್ ಜೊತೆ ಅವು ಬರುವುದಿಲ್ಲ. ಪ್ಯಾಕ್ 1920×1080ಕ್ಕೆ ಮಾಡಿದ್ದು, ನಿಮ್ಮ ಲ್ಯಾಪ್‌ಟಾಪ್‌ನ ಕ್ಯಾನ್ವಾಸ್ 1366×768 ಇದ್ದರೆ ಬಲಗಡೆಯದು, ಕೆಳಗಿನದು ಹೊರಗೆ ಬೀಳುತ್ತದೆ. ಇಂಪೋರ್ಟ್‌ಗೆ ಮುಂಚೆಯೇ ಸೆಟ್ಟಿಂಗ್ಸ್‌ನ ವಿಡಿಯೊ ವಿಭಾಗದಲ್ಲಿ ಬೇಸ್ ಕ್ಯಾನ್ವಾಸ್ 1920×1080 ಮಾಡಿ. ಅಪ್‌ಲೋಡ್ ವೇಗ ಸಾಲದಿದ್ದರೆ ಔಟ್‌ಪುಟ್ ಅನ್ನು ಮಾತ್ರ 1280×720ಕ್ಕೆ ಇಳಿಸಿ.

ಇನ್ನು ಅಕ್ಷರದ ವಿಷಯ. ನಿಮಗೆ ನಿಜವಾಗಿ ಸಮಯ ಹಿಡಿಯುವುದು ಇದೇ. ಒಬಿಎಸ್‌ನ ‘ಫ್ರೀಟೈಪ್ 2’ ಪಠ್ಯ ಸೋರ್ಸ್ (ದೃಶ್ಯಕ್ಕೆ ಸೇರಿಸುವ ಒಂದೊಂದು ಅಂಶಕ್ಕೂ ಸೋರ್ಸ್ ಎನ್ನುತ್ತಾರೆ) ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆಯೇ ಹೊರತು ಒತ್ತು, ಗುಣಿತಗಳನ್ನು ಕೂಡಿಸುವುದಿಲ್ಲ. ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಮಾಡಿದ ಪ್ಯಾಕ್‌ಗಳಲ್ಲಿ ಇರುವುದು ಅದೇ. ವಿಂಡೋಸ್‌ನಲ್ಲಾದರೆ ‘ಜಿಡಿಐ ಪ್ಲಸ್’ ಸೋರ್ಸ್‌ಗೆ ಬದಲಿಸಿದರೆ ಸರಿಹೋಗುತ್ತದೆ. ಎಲ್ಲ ಕಡೆಯೂ ನಡೆಯುವುದು ಬ್ರೌಸರ್ ಸೋರ್ಸ್. ಅದು ವೆಬ್ ಪುಟವನ್ನು ದೃಶ್ಯದೊಳಗೆ ತೋರಿಸುತ್ತದೆ. ಅದರೊಳಗೆ ಕ್ರೋಮ್ ಬ್ರೌಸರಿಗೂ ಆಧಾರವಾದ ಕ್ರೋಮಿಯಂ ಇರುವುದರಿಂದ ಕನ್ನಡ ವೆಬ್‌ಸೈಟ್‌ನಲ್ಲಿ ಕಾಣುವಂತೆಯೇ ಕಾಣುತ್ತದೆ. ಹೆಸರಿನ ಪಟ್ಟಿಗೆ ಬ್ರೌಸರ್ ಸೋರ್ಸ್ ಆಧಾರಿತ ಟೆಂಪ್ಲೇಟನ್ನೇ ಆರಿಸಿ ಎಂಬುದು ನಮ್ಮ ಖಚಿತ ಸಲಹೆ. ಸೋರ್ಸ್‌ನ ಅಗಲ, ಎತ್ತರ ಮೊದಲಿಗೆ 800×600 ಇರುತ್ತದೆ. ಅದನ್ನು ಮೌಸ್‌ನಿಂದ ಎಳೆದು ಹಿಗ್ಗಿಸಿದರೆ ಅಕ್ಷರ ಮಸುಕಾಗುತ್ತದೆ. ಪ್ರಾಪರ್ಟೀಸ್‌ನಲ್ಲಿ 1920, 1080 ಎಂದೇ ಬರೆಯಿರಿ.

ಟೆಂಪ್ಲೇಟ್‌ನ ಫಾಂಟ್‌ನಲ್ಲಿ ಕನ್ನಡ ಇರುವುದು ಅಪರೂಪ. ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ 2 ಹಾಕಿಕೊಂಡು, ಟೆಂಪ್ಲೇಟ್‌ನ ಸಿಎಸ್‌ಎಸ್‌ನಲ್ಲಿ (ಪುಟದ ಅಂದ ತೀರ್ಮಾನಿಸುವ ಸಾಲುಗಳು) ಇನ್ನೆರಡು ತಿದ್ದುಪಡಿ ಮಾಡಿ. ಲೆಟರ್ ಸ್ಪೇಸಿಂಗ್ ಸೊನ್ನೆ ಇರಲಿ. ಇಂಗ್ಲಿಷ್ ದೊಡ್ಡಕ್ಷರಗಳ ಅಂದಕ್ಕೆಂದು ಕೊಟ್ಟ 3–4 ಪಿಕ್ಸೆಲ್ ಅಂತರ ಕನ್ನಡ ಪದವನ್ನು ತುಂಡು ತುಂಡು ಮಾಡುತ್ತದೆ. ಲೈನ್ ಹೈಟ್ 1.5ರ ಆಸುಪಾಸಿಗೆ ಏರಿಸಿ, ಇಲ್ಲವಾದರೆ ಕೆಳಗಿನ ಒತ್ತು ಪಟ್ಟಿಯ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಪರೀಕ್ಷೆಗೆ ‘ಸ್ತ್ರೀವೇಷ’, ‘ಕೃಷ್ಣ’, ‘ಅರ್ಜುನ’ ಬರೆದು ನೋಡಿ. ಮೊದಲನೆಯದರಲ್ಲಿ ಎರಡು ಒತ್ತು, ಕೊನೆಯದರಲ್ಲಿ ಅರ್ಕಾವತ್ತು ಇದೆ. ಇವು ಸರಿಯಾಗಿ ಬಂದರೆ ಕಲಾವಿದರ ಹೆಸರುಗಳೂ ಬರುತ್ತವೆ. ಕಲಾವಿದರ ಹೆಸರುಗಳ ಯಾದಿ ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ) ಅಕ್ಷರದಲ್ಲಿ ಬಂದಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಇಲ್ಲವೇ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ತೆರೆಯ ಮೇಲೆ ಹೆಸರಿನ ಪಟ್ಟಿ ಎಲ್ಲಿರಬೇಕು ಎಂಬುದನ್ನೂ ಟೆಂಪ್ಲೇಟ್‌ಗೆ ಬಿಡಬೇಡಿ. ಗ್ರಾಫಿಕ್ಸ್‌ಗೆ ಪ್ರತಿ ಅಂಚಿನಲ್ಲೂ 5% ಬಿಡುವುದು ಪ್ರಸಾರದ ರೂಢಿ: 1080ರ ಚೌಕಟ್ಟಿನಲ್ಲಿ ಎಡಬಲಕ್ಕೆ 96, ಮೇಲೆ ಕೆಳಗೆ 54 ಪಿಕ್ಸೆಲ್. ಆದರೆ ರಂಗಸ್ಥಳವಿಡೀ ಕಾಣುವ ಶಾಟ್‌ನಲ್ಲಿ ಕೆಳಗಿನ ಪಟ್ಟಿ ಗೆಜ್ಜೆ ಕಟ್ಟಿದ ಕಾಲನ್ನೇ ಮುಚ್ಚುತ್ತದೆ. ಕುಣಿತ ನೋಡಲು ಕುಳಿತವರಿಗೆ ಅದು ಅನ್ಯಾಯ. ಹೆಸರನ್ನು ಮಾತಿನ ಹೊತ್ತಿನಲ್ಲಿ, ಸೊಂಟದಿಂದ ಮೇಲಿನ ಶಾಟ್ ಇದ್ದಾಗ ಹಾಕಿ, 6–7 ಸೆಕೆಂಡಿಗೆ ತೆಗೆಯಿರಿ.

ಪ್ರಶ್ನೆ: ಅದೇ ಪ್ಯಾಕ್‌ನ ಸ್ಟಿಂಗರ್ (ತೆರೆ ತುಂಬುವ ಗ್ರಾಫಿಕ್ ಹಿಂದೆ ದೃಶ್ಯ ಬದಲಿಸುವ ಟ್ರಾನ್ಸಿಷನ್) ಹಾಕಿದರೆ ಗ್ರಾಫಿಕ್ ತೆರೆ ತುಂಬುವ ಮೊದಲೇ ಕ್ಯಾಮೆರಾ ಬದಲಾಗುತ್ತದೆ. ಎಂಪಿ4ಗೆ ಬದಲಿಸಿ ನೋಡಿದೆ, ಹಿನ್ನೆಲೆ ಕಪ್ಪಾಯಿತು.

ಉತ್ತರ: ಪ್ಯಾಕ್‌ನಲ್ಲಿ ‘ಕಟ್ ಪಾಯಿಂಟ್ 30’ ಎಂದಿದ್ದರೆ ಅದು, ಅಂದರೆ ದೃಶ್ಯ ಬದಲಾಗುವ ಕ್ಷಣ, ಸಾಮಾನ್ಯವಾಗಿ ಫ್ರೇಮ್ ಲೆಕ್ಕ. ಅದನ್ನೇ ಮಿಲಿಸೆಕೆಂಡಿನ ಖಾನೆಗೆ ಬರೆದರೆ ಶುರುವಾದ ಕ್ಷಣದಲ್ಲೇ ಕಟ್ ಆಗುತ್ತದೆ. ಫ್ರೇಮ್ ಸಂಖ್ಯೆಯನ್ನು ಆ ಫೈಲಿನ ಫ್ರೇಮ್ ರೇಟ್‌ನಿಂದ ಭಾಗಿಸಿ 1000ದಿಂದ ಗುಣಿಸಿ: 60 ಫ್ರೇಮಿನ ಫೈಲಾದರೆ 500, 30ರದ್ದಾದರೆ 1000, 25ರದ್ದಾದರೆ 1200 ಮಿಲಿಸೆಕೆಂಡು.

ಸಾಮಾನ್ಯ ಎಚ್.264 ಎಂಪಿ4ರಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಅದಕ್ಕೇ ಕಪ್ಪು. ಮೂಲದ ವೆಬ್‌ಎಂ ಫೈಲನ್ನೇ ಬಳಸಿ. ಲೂಮಾ ಕೀ (ಬೆಳಕಿನ ಮಟ್ಟ ನೋಡಿ ಚಿತ್ರದ ಭಾಗ ಮರೆಮಾಡುವ ಫಿಲ್ಟರ್) ಹಾಕಿ ಕಪ್ಪನ್ನು ತೆಗೆಯಲು ಹೋದರೆ ಗ್ರಾಫಿಕ್‌ನ ನೆರಳು, ಕಡು ಬಣ್ಣಗಳೂ ಮಾಯವಾಗುತ್ತವೆ.

ಸ್ಟಿಂಗರ್ ಸೆಟ್ಟಿಂಗ್‌ನಲ್ಲಿ ಆಡಿಯೊ ಫೇಡ್ ಅನ್ನು ‘ಕ್ರಾಸ್‌ಫೇಡ್’ ಮಾಡಿ. ಮಿಕ್ಸರ್‌ನ ಧ್ವನಿಯನ್ನು ಸೀನ್‌ಗಳ ಒಳಗೇ ಸೇರಿಸಿದ್ದರೆ, ಇನ್ನೊಂದು ಆಯ್ಕೆಯಲ್ಲಿ ಪ್ರತಿ ಸಲ ಕ್ಯಾಮೆರಾ ಬದಲಿಸಿದಾಗಲೂ ಭಾಗವತರ ಪದ ನಡುವೆ ಕುಗ್ಗಿ ಏಳುತ್ತದೆ. ಸ್ಟಿಂಗರ್‌ಗೆ ಅಂಟಿಕೊಂಡ ‘ಹುಶ್’ ಸದ್ದನ್ನೂ ತೆಗೆದುಬಿಡಿ.

ಪ್ರಶ್ನೆ: ಉಚಿತ ಪ್ಯಾಕ್ ಅನ್ನು ಹಣ ಪಡೆದು ಮಾಡುವ ಮದುವೆ ಲೈವ್‌ಗೆ ಬಳಸಬಹುದೇ?

ಉತ್ತರ: ಪ್ಯಾಕ್‌ನ ಪರವಾನಗಿ ಏನು ಹೇಳುತ್ತದೆ ಎಂಬುದರ ಮೇಲೆ ಹೋಗುತ್ತದೆ. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ‘ಬಿವೈ’ ಎಂದಷ್ಟೇ ಇದ್ದರೆ, ವಿಡಿಯೊ ವಿವರಣೆಯಲ್ಲಿ ಕರ್ತೃವಿನ ಹೆಸರು, ಮೂಲದ ಕೊಂಡಿ ಮತ್ತು ಪರವಾನಗಿ ಹಾಕಿ ಬಳಸಬಹುದು. ‘ಎನ್‌ಸಿ’ (ವಾಣಿಜ್ಯೇತರ ಬಳಕೆಗೆ ಮಾತ್ರ) ಇದ್ದರೆ ಹಣದ ಕೆಲಸಕ್ಕೆ ಬೇಡ. ಮೇಲೆ ಹೇಳಿದ ಎರಡೂ ಫಾಂಟ್‌ಗಳು ಓಪನ್ ಫಾಂಟ್ ಲೈಸೆನ್ಸ್‌ನವು, ಧಾರಾಳವಾಗಿ ಬಳಸಿ.