ಬೇರೆ ಗಾಡಿಯೇ ಇಲ್ಲದ ಸಣ್ಣ ಕಾರು ಅಪಘಾತವನ್ನೂ ಪೊಲೀಸರಿಗೆ ತಿಳಿಸಬೇಕೆ?

ನಿಮ್ಮ ಪ್ರಶ್ನೆ ಇಷ್ಟು: ರಾತ್ರಿ ಕಾರು ರಿವರ್ಸ್ ತೆಗೆಯುವಾಗ ರಸ್ತೆ ಬದಿಯ ಕಂಬಕ್ಕೆ ತಗುಲಿತು, ಹಿಂದಿನ ಬಂಪರ್ ನೆಗ್ಗಿದೆ, ಯಾರಿಗೂ ಪೆಟ್ಟಾಗಿಲ್ಲ, ಅಲ್ಲಿ ಇನ್ನೊಂದು ಗಾಡಿ ಇರಲೇ ಇಲ್ಲ. ಇಷ್ಟಕ್ಕೂ ಠಾಣೆಗೆ ಹೋಗಬೇಕಾ, ವಿಮೆ ಕಂಪನಿಗೆ ಹೇಳದೆ ಸುಮ್ಮನಿದ್ದರೆ ನಡೆಯುತ್ತಾ? ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ, ಆದ್ದರಿಂದ ಎರಡು ಮೂರು ಕಡೆಯ ಕಾನೂನು ಇಟ್ಟುಕೊಂಡೇ ಹೇಳುತ್ತೇನೆ. ನಾನು ವಕೀಲನಲ್ಲ, ವಾಹನ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಇಂಥ ‘ಕಂಬಕ್ಕೆ ತಗುಲಿತು’ ಪ್ರಕರಣಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ನೀವು ಬಂಪರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೀರಿ, ಕಂಬದ ಬಗ್ಗೆ ಒಂದೇ ಪದ. ಕಾನೂನಿನ ಕಣ್ಣಿಗೆ ಇದು ಉಲ್ಟಾ. ಹೆಚ್ಚಿನ ದೇಶಗಳಲ್ಲಿ ಮೊದಲು ಎದ್ದೇಳುವ ಪ್ರಶ್ನೆ, ಹಾಳಾಗಿದ್ದು ಯಾರ ವಸ್ತು ಅನ್ನೋದು. ನಿಮ್ಮ ಕಾರು, ನಿಮ್ಮದೇ ಗೇಟಿಗೆ ಗುದ್ದಿದರೆ ಅದು ನಿಮ್ಮ ಮನೆಯ ವಿಚಾರ. ಅದೇ ಕಾರು ಅದೇ ವೇಗದಲ್ಲಿ ಪಕ್ಕದವರ ಕಾಂಪೌಂಡಿಗೋ ಬೀದಿ ದೀಪದ ಕಂಬಕ್ಕೋ ಗುದ್ದಿ ಅದಕ್ಕೆ ಏಟಾದರೆ, ಅಲ್ಲಿ ಇನ್ನೊಂದು ಪಕ್ಷ ಹುಟ್ಟಿಕೊಳ್ಳುತ್ತದೆ. ಆ ಪಕ್ಷ ನಗರಸಭೆಯೋ ವಿದ್ಯುತ್ ಕಂಪನಿಯೋ ಆಗಿರಬಹುದು. ಎದುರಿಗೆ ಬಂದು ಜಗಳ ಮಾಡುವವರು ಯಾರೂ ಇರಲಿಲ್ಲ ಅನ್ನೋ ಕಾರಣಕ್ಕೆ ಅವರು ಇಲ್ಲ ಎಂದಾಗುವುದಿಲ್ಲ.

ಭಾರತದ ಕಾನೂನು ಇದನ್ನು ನೇರವಾಗಿಯೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಜಾರಿಗೆ ಬರುವುದು ಎರಡೇ ಸಂದರ್ಭದಲ್ಲಿ: ಯಾರಿಗಾದರೂ ಗಾಯವಾಗಿದ್ದರೆ, ಅಥವಾ ಥರ್ಡ್ ಪಾರ್ಟಿಯ, ಅಂದರೆ ಬೇರೆಯವರ, ಆಸ್ತಿಗೆ ಹಾನಿಯಾಗಿದ್ದರೆ. ಹಾಗಾದಾಗ, ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ, ಚಾಲಕನೇ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ನಡೆದದ್ದನ್ನು ತಿಳಿಸಬೇಕು. ವಿಮೆ ಕಂಪನಿಗೂ ಲಿಖಿತವಾಗಿ ತಿಳಿಸಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪಾಲಿಸಿ ನಂಬರ್ ಮತ್ತು ಅವಧಿ, ಅಪಘಾತದ ದಿನ, ಹೊತ್ತು, ಜಾಗ, ಗಾಯಾಳುಗಳಿದ್ದರೆ ಅವರ ವಿವರ, ಚಾಲಕನ ಹೆಸರು ಮತ್ತು ಲೈಸೆನ್ಸ್ ವಿವರ, ಇಷ್ಟು. ತಪ್ಪಿದರೆ 187ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ಇದು 3 ತಿಂಗಳು, 500 ರೂಪಾಯಿ ಇತ್ತು. ‘ಯಾರಿಗಾದರೂ ಗಾಯ’ ಅನ್ನುವುದರಲ್ಲಿ ನಿಮ್ಮ ಪಕ್ಕದ ಸೀಟಿನಲ್ಲಿ ಕೂತವರೂ ಸೇರುತ್ತಾರೆ. ಆಗ ಏನೂ ಅನ್ನಿಸದೆ ಮರುದಿನ ಬೆಳಿಗ್ಗೆ ಕತ್ತು ಹಿಡಿದುಕೊಳ್ಳುವುದು ಅಪರೂಪವೇನಲ್ಲ, ಹಾಗೇನಾದರೂ ಆದರೆ ಅದನ್ನೂ ಮುಚ್ಚಿಡಬೇಡಿ.

ಬ್ರಿಟನ್ನಿನಲ್ಲೂ ಲೆಕ್ಕ ಹೆಚ್ಚುಕಡಿಮೆ ಇದೇ. ಅಲ್ಲಿನ ರೋಡ್ ಟ್ರಾಫಿಕ್ ಆ್ಯಕ್ಟ್ ಕೂಡ 1988ರದ್ದೇ, ಅದರ 170ನೇ ಸೆಕ್ಷನ್ನಿನಲ್ಲೂ ಗಡುವು 24 ಗಂಟೆಯೇ. ಆದರೆ ಅವರು ಪಟ್ಟಿ ಮಾಡಿ ಬರೆದಿದ್ದಾರೆ: ಚಾಲಕನನ್ನು ಬಿಟ್ಟು ಬೇರೆಯವರಿಗೆ ಗಾಯ, ಬೇರೆ ವಾಹನಕ್ಕೆ ಹಾನಿ, ರಸ್ತೆಯಲ್ಲಿ ಅಥವಾ ಅದರ ಪಕ್ಕದ ಜಮೀನಿನಲ್ಲಿ ಕಟ್ಟಿದ, ನೆಟ್ಟ, ಬೆಳೆದ ಏನಕ್ಕಾದರೂ ಹಾನಿ. ಅಂದರೆ ಬೇಲಿ, ಗಿಡ, ಕಂಬ ಎಲ್ಲವೂ ಬಂತು. ಪ್ರಾಣಿಗಳ ಪಟ್ಟಿಯೂ ಇದೆ: ಕುದುರೆ, ದನ, ಕತ್ತೆ, ಹೇಸರಗತ್ತೆ, ಕುರಿ, ಹಂದಿ, ಮೇಕೆ, ನಾಯಿ. ಬೆಕ್ಕು ಇಲ್ಲ! ಬೆಕ್ಕು ಸಾಕಿದವರಿಗೆ ಈ ಬಗ್ಗೆ ಇಂದಿಗೂ ಸಿಟ್ಟಿದೆ, ಸರಿಯಾದ ಸಿಟ್ಟೇ.

ಜರ್ಮನಿಯಲ್ಲಿದ್ದರೆ ಹುಷಾರು. ಅಲ್ಲಿ ಬೇರೆಯವರ ವಸ್ತುವಿಗೆ ಗುದ್ದಿ ಹೊರಟುಹೋಗುವುದು ದಂಡಸಂಹಿತೆಯ 142ನೇ ಕಲಮಿನಡಿ ಅಪರಾಧ, 3 ವರ್ಷದವರೆಗೆ ಜೈಲಾಗಬಹುದು. ವೈಪರ್ ಕೆಳಗೋ ಗೇಟಿಗೋ ಫೋನ್ ನಂಬರಿನ ಚೀಟಿ ಸಿಕ್ಕಿಸಿ ಹೋದರೆ ಸಾಲದು. ತಕ್ಕಷ್ಟು ಹೊತ್ತು ಕಾಯಬೇಕು, ಯಾರೂ ಬರದಿದ್ದರೆ ತಡಮಾಡದೆ ತಿಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಚೀಟಿ ನಡೆಯುತ್ತದೆ, ಜೊತೆಗೆ ಪೊಲೀಸರಿಗೂ ತಿಳಿಸಬೇಕು.

ಹಾಗಾದರೆ ಬರೀ ನನ್ನ ಕಾರಿಗೆ ಮಾತ್ರ ಪೆಟ್ಟಾಗಿದ್ದರೆ ಎಲ್ಲ ಕಡೆಯೂ ಆರಾಮಾಗಿರಬಹುದಾ ಅಂತ ಕೇಳಿದರೆ, ಇಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಯಾರದೇ ಒಬ್ಬರ ಆಸ್ತಿಗೆ, ಚಾಲಕನ ಸ್ವಂತ ಆಸ್ತಿಯೂ ಸೇರಿ, 1,000 ಡಾಲರಿಗಿಂತ ಹೆಚ್ಚು ಹಾನಿಯಾಗಿದ್ದರೆ 10 ದಿನದೊಳಗೆ ಮೋಟಾರು ವಾಹನ ಇಲಾಖೆಗೆ ಫಾರಂ ತುಂಬಿ ಕೊಡಬೇಕು. ಈಗಿನ ಕಾರುಗಳಲ್ಲಿ ಆ ಮೊತ್ತ ಮುಟ್ಟುವುದು ಕಷ್ಟವೇ ಅಲ್ಲ. ಆದ್ದರಿಂದ ನಿಮ್ಮ ಊರಿನ ನಿಯಮದಲ್ಲಿ ಹುಡುಕಬೇಕಾದ್ದು ಎರಡು: ‘ಆಸ್ತಿ’ ಅಂದಾಗ ಸ್ವಂತದ್ದೂ ಸೇರುತ್ತದಾ, ಮೊತ್ತದ ಮಿತಿ ಏನಾದರೂ ಇದೆಯಾ.

ಈಗ ನಿಮ್ಮ ಕಂಬಕ್ಕೆ ಬರೋಣ. ಹಗಲು ಹೊತ್ತಿನಲ್ಲಿ ಒಮ್ಮೆ ಹೋಗಿ ಸರಿಯಾಗಿ ನೋಡಿ. ಬುಡದಲ್ಲಿ ಸಿಮೆಂಟ್ ಬಿರುಕು ಬಿಟ್ಟಿದೆಯಾ, ಕಂಬ ವಾಲಿದೆಯಾ, ಕೇಬಲ್ ಪೆಟ್ಟಿಗೆಯ ಮುಚ್ಚಳ ಕಿತ್ತುಬಂದಿದೆಯಾ? ಬರೀ ನಿಮ್ಮ ಕಾರಿನ ಬಣ್ಣ ಅಂಟಿಕೊಂಡಿದ್ದರೆ ಅದನ್ನು ಹಾನಿ ಅಂತ ಯಾರೂ ಹಿಡಿದುಕೊಂಡು ಕೂರುವುದಿಲ್ಲ. ಕಂಬ ಅಲುಗಾಡಿದ್ದರೆ ಮಾತ್ರ ಸೆಕ್ಷನ್ ಗಿಕ್ಷನ್ ಆಮೇಲೆ, ಮೊದಲು ಅದರ ಒಡೆಯರಿಗೂ ಪೊಲೀಸರಿಗೂ ಫೋನ್ ಮಾಡಿ. ಅದು ನಾಳೆ ಇನ್ನೊಬ್ಬರ ಮೇಲೆ ಬೀಳಬಾರದಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ ಬೇಕಾಗಬಹುದು: ಕಂಬಕ್ಕೆ ಗುದ್ದಿ ತಂತಿ ಹರಿದು ಕಾರಿನ ಮೇಲೆ ಬಿದ್ದಿದ್ದರೆ ಇಳಿಯಲೇಬೇಡಿ, ಒಳಗೇ ಕೂತು ಸಹಾಯ ಕರೆಯಿರಿ. ಬೆಂಕಿ ಹತ್ತಿಕೊಂಡು ಇಳಿಯಲೇಬೇಕಾಗಿ ಬಂದರೆ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ಹಾರಿ, ಕಾಲು ಜೋಡಿಸಿಕೊಂಡೇ ದೂರ ಹೋಗಬೇಕು.

ವಿಮೆಯ ಕಥೆ ಬೇರೆ. ಅದು ನೀವು ಸಹಿ ಹಾಕಿದ ಕರಾರು, ಪೊಲೀಸ್ ಕಾನೂನು ಸುಮ್ಮನಿದ್ದರೂ ಕರಾರು ಸುಮ್ಮನಿರುವುದಿಲ್ಲ. ಪಾಲಿಸಿಗಳಲ್ಲಿ ಸಾಮಾನ್ಯವಾಗಿ ‘ಅಪಘಾತವಾದ ಕೂಡಲೇ ತಿಳಿಸತಕ್ಕದ್ದು’ ಎಂಬ ಷರತ್ತು ಇರುತ್ತದೆ. ಕ್ಲೇಮ್ ಮಾಡುವವರಿಗಷ್ಟೇ ಅಂತ ಕೆಲವರು ಓದಿಕೊಳ್ಳುತ್ತಾರೆ. ನಿಮ್ಮ ಪಾಲಿಸಿಯ ಷರತ್ತುಗಳ ಪುಟ ತೆಗೆದು ನೋಡಿ, ಕ್ಲೇಮ್ ಮಾಡಲಿ ಬಿಡಲಿ ತಿಳಿಸಬೇಕು ಅಂತ ಬರೆದಿರುವ ಪಾಲಿಸಿಗಳೂ ಇವೆ. ಬಾಡಿಗೆ ಕಾರು ಅಥವಾ ಕಂಪನಿ ಕಾರು ಆಗಿದ್ದರೆ ಯೋಚನೆಯೇ ಬೇಡ, ಅವತ್ತೇ ಹೇಳಿ.

ತಿಳಿಸುವುದು ಬೇರೆ, ಹಣ ಕೇಳುವುದು ಬೇರೆ. ಸಣ್ಣ ನೆಗ್ಗಿಗೆ ಕ್ಲೇಮ್ ಹಾಕುವುದು ಎಷ್ಟೋ ಸಲ ನಷ್ಟದ ಬಾಬತ್ತು. ಭಾರತದಲ್ಲಿ ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಗೆ ಕಟ್ಟುವ) ಪ್ರೀಮಿಯಂನಲ್ಲಿ 20 ಶೇಕಡಾ ನೋ ಕ್ಲೇಮ್ ಬೋನಸ್ ಸಿಗುತ್ತದೆ, ಅದು ವರ್ಷ ವರ್ಷ ಏರಿ 50 ಶೇಕಡಾದವರೆಗೆ ಹೋಗುತ್ತದೆ. ಒಂದು ಕ್ಲೇಮ್ ಹಾಕಿದರೆ, ಅದನ್ನು ಕಾಪಾಡುವ ಆ್ಯಡ್-ಆನ್ ಇಲ್ಲದಿದ್ದರೆ, ಮತ್ತೆ ಸೊನ್ನೆಯಿಂದ ಶುರು. ಜೊತೆಗೆ ಪಾಲಿಸಿಯಲ್ಲಿ ಬರೆದಷ್ಟು ಮೊತ್ತ ಹೇಗೂ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಗ್ಯಾರೇಜಿನವರ ಅಂದಾಜು ಪಟ್ಟಿ ತೆಗೆದುಕೊಂಡು, ಕಳೆದುಕೊಳ್ಳುವ ಬೋನಸ್ ಎಷ್ಟು ಅಂತ ಪಕ್ಕದಲ್ಲಿ ಬರೆದು ನೋಡಿ, ತಾನಾಗಿ ಗೊತ್ತಾಗುತ್ತದೆ.

ಆದರೆ ಅಂದಾಜು ಪಟ್ಟಿಗೆ ಮುಂಚೆ ಬಂಪರ್ ಬಿಚ್ಚಿಸಿ ನೋಡಿ. ಹೊರಗೆ ಕಾಣುವುದು ಬರೀ ಪ್ಲಾಸ್ಟಿಕ್ ಹೊದಿಕೆ. ಗುದ್ದಿದ ಮೇಲೆ ಅದು ಎಷ್ಟೋ ಸಲ ಪಟ್ ಅಂತ ವಾಪಸ್ ಬಂದು ಏನೂ ಆಗದವರ ಹಾಗೆ ನಿಂತುಬಿಡುತ್ತದೆ. ಅದರ ಹಿಂದೆ ಪೆಟ್ಟು ಹೀರಿಕೊಳ್ಳುವ ಫೋಮ್, ಅದರ ಹಿಂದೆ ಲೋಹದ ಅಡ್ಡಪಟ್ಟಿ. ಕಂಬ ಅಂದರೆ ಕಿರಿದಾದ ವಸ್ತು, ಎಲ್ಲ ಬಲವೂ ಒಂದೇ ಜಾಗದಲ್ಲಿ ಬೀಳುತ್ತದೆ. ಹೊದಿಕೆಯ ಮೇಲೆ ಒಂದು ಉದ್ದ ಗೀರಷ್ಟೇ ಇದ್ದು ಒಳಗೆ ಅಡ್ಡಪಟ್ಟಿ ಬಾಗಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪಾರ್ಕಿಂಗ್ ಸೆನ್ಸರುಗಳು, ಹಿಂದಿನಿಂದ ಬರುವ ಗಾಡಿ ಹೇಳುವ ರೇಡಾರ್ ಕೂಡ ಕೂತಿರುವುದು ಅಲ್ಲೇ. ಅವು ಸ್ವಲ್ಪ ಓರೆಯಾದರೂ ಮರು ಹೊಂದಾಣಿಕೆ ಮಾಡಿಸಬೇಕಾಗಬಹುದು, ಬಿಲ್ ಏರುವುದು ಇಲ್ಲಿಯೇ.

ಕ್ಲೇಮ್ ಹಾಕುವುದಾದರೆ ಸರ್ವೇಯರ್ (ವಿಮೆ ಕಂಪನಿಗಾಗಿ ಹಾನಿ ಅಂದಾಜು ಮಾಡುವವರು) ನೋಡುವ ಮೊದಲು ರಿಪೇರಿ ಮಾಡಿಸಬೇಡಿ. ಮತ್ತೆ, ನಡೆದದ್ದನ್ನೇ ಬರೆಯಿರಿ. ‘ನಿಲ್ಲಿಸಿದ್ದ ಕಾರಿಗೆ ಯಾರೋ ಗುದ್ದಿ ಓಡಿಹೋದರು’ ಅಂತ ಬರೆಯುವವರು ಬಹಳ. ಕಂಬದ ಗುರುತು ಮೇಲಿಂದ ಕೆಳಗೆ ನೆಟ್ಟಗೆ ಇರುತ್ತದೆ, ಗೀರಿನೊಳಗೆ ಸಿಮೆಂಟಿನ ಪುಡಿಯೋ ಕಂಬದ ಬಣ್ಣವೋ ಕೂತಿರುತ್ತದೆ. ಇನ್ನೊಂದು ಕಾರಿನ ಬಂಪರ್ ಅಂಥ ಗುರುತು ಮಾಡುವುದಿಲ್ಲ. ರಿವರ್ಸ್ ತೆಗೆಯುವಾಗ ಕಂಬಕ್ಕೆ ತಗುಲಿತು ಅಂತ ನಿಜ ಬರೆದಿದ್ದರೆ ಹಣ ಬರುತ್ತಿತ್ತು, ಅದಕ್ಕೇ ವಿಮೆ ಇರುವುದು. ಸುಳ್ಳು ಬರೆದದ್ದಕ್ಕೆ ಪೂರ್ತಿ ಕ್ಲೇಮೇ ತಿರಸ್ಕಾರವಾಗುತ್ತದೆ.

ಪೊಲೀಸ್ ದಾಖಲೆ ಇಲ್ಲದೆ ವಿಮೆ ಕೊಡುವುದಿಲ್ಲವಂತೆ ಅಂತಲೂ ಕೇಳಿದ್ದೀರಿ. ಮೂರನೆಯವರಿಗೆ ಗಾಯ, ಸಾವು, ಕಾರು ಕಳವು, ಇಂಥವಕ್ಕೆ ಎಫ್‌ಐಆರ್ ಬೇಕೇ ಬೇಕು. ಬಂಪರ್ ನೆಗ್ಗಿದ್ದಕ್ಕೆ ಸಾಮಾನ್ಯವಾಗಿ ಕೇಳುವುದಿಲ್ಲ. ಫೋಟೋಗಳು ಬೇಕು: ಕಾರು ಮತ್ತು ಕಂಬ ಒಟ್ಟಿಗೆ ಕಾಣುವಂಥದ್ದು ಒಂದು, ಪೆಟ್ಟಿನ ಹತ್ತಿರದ್ದು ಒಂದು, ನಂಬರ್ ಪ್ಲೇಟ್ ಕಾಣುವಂಥದ್ದು ಒಂದು. ಅವತ್ತೇ ತೆಗೆದಿಲ್ಲವಾದರೆ ಕಂಬದ್ದನ್ನಾದರೂ ಈಗ ತೆಗೆದಿಟ್ಟುಕೊಳ್ಳಿ, ಮಳೆ ಬಂದರೆ ಬಣ್ಣದ ಗುರುತು ಉಳಿಯುತ್ತದೆ ಅಂತ ಹೇಳಲಾಗದು.

24 ಗಂಟೆ ಈಗಾಗಲೇ ಮೀರಿದ್ದು, ಕಂಬಕ್ಕೆ ನಿಜವಾಗಿ ಹಾನಿಯಾಗಿದೆ ಅಂತ ನೋಡಿದ ಮೇಲೆ ಗೊತ್ತಾದರೆ, ತಡವಾಯಿತು ಅಂತ ಬಿಟ್ಟುಬಿಡಬೇಡಿ. ತಾವಾಗಿಯೇ ಎರಡು ದಿನ ತಡವಾಗಿ ಠಾಣೆಗೆ ಬಂದವರನ್ನೂ ಸಿಸಿಟಿವಿಯಲ್ಲಿ ನಂಬರ್ ಹುಡುಕಿ ಕರೆಸಿದವರನ್ನೂ ಒಂದೇ ತರಹ ನೋಡುವುದಿಲ್ಲ. ಎರಡನೆಯವರಿಗೆ ಕುಡಿದಿದ್ದಿರಾ ಎಂಬ ಪ್ರಶ್ನೆ ಮೊದಲು ಬರುತ್ತದೆ, ಆಗ ಅಲ್ಲ ಅಂತ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಹೋಗುವಾಗ ಒಂದು ಪುಟದಲ್ಲಿ ದಿನ, ಹೊತ್ತು, ಜಾಗ, ಏನಾಯಿತು ಅಂತ ಬರೆದುಕೊಂಡು ಹೋಗಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಅದರ ಒಂದು ಪ್ರತಿ ವಿಮೆ ಕಂಪನಿಗೂ ಕಳಿಸಿಬಿಡಿ.