ಎಂಡ್ಯೂರೋ ಬೈಕನ್ನು ದಿನಬಳಕೆಗೆ ತಗೊಳ್ಳಬಹುದಾ? ಇಟ್ಟುಕೊಂಡವರ ಅನುಭವ ಹೇಗಿದೆ?

ನೀವು ಬರೆದಿರೋದು ಇಷ್ಟು: ಬೆಂಗಳೂರಿನಲ್ಲಿ ದಿನಾ ಆಫೀಸಿಗೆ 14 ಕಿಲೋಮೀಟರ್, ತಿಂಗಳಿಗೆ ಒಂದೆರಡು ಸಲ ಸಕಲೇಶಪುರದ ಹತ್ತಿರ ಇರುವ ನಿಮ್ಮ ಊರು, ಎತ್ತರ 5 ಅಡಿ 5 ಇಂಚು. ನಂಬರ್ ಪ್ಲೇಟ್ ಇರುವ ಎಂಡ್ಯೂರೋ ಥರದ ಗಾಡಿ ನಿಮಗೆ ಸರಿಹೋಗುತ್ತಾ ಅನ್ನೋದು ಪ್ರಶ್ನೆ. ಊರಿನ ಮನೆಗೆ ಮಣ್ಣು ರಸ್ತೆ ಇದ್ದರೆ ಖಂಡಿತ ತಗೊಳ್ಳಿ. ಮನೆ ಬಾಗಿಲವರೆಗೂ ಡಾಂಬರು ಇದ್ದರೆ ಬೇರೆ ಗಾಡಿ ನೋಡಿ.

ನನ್ನದು ಕೊಪ್ಪ ತಾಲ್ಲೂಕು. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆಗೆ ಮೂರೂವರೆ ಕಿಲೋಮೀಟರ್ ಮಣ್ಣು ದಾರಿ. ನಡುವೆ ಒಂದು ಹಳ್ಳ, ಎರಡು ಏರು. 2023ರಲ್ಲಿ ಹೀರೋ ಎಕ್ಸ್‌ಪಲ್ಸ್ 200 4ವಿ ತಗೊಂಡೆ. ಅದರಲ್ಲೇ ಮೂರು ಮಳೆಗಾಲ ಕಳೆದಿದ್ದೇನೆ. ಪೇಟೆಗೆ, ಅಡಿಕೆ ಸೊಸೈಟಿಗೆ, ನೆಂಟರ ಮನೆಗೆ, ಬೆಂಗಳೂರಿಗೆ ಎಲ್ಲಕ್ಕೂ ಅದೇ ಗಾಡಿ.

ಮೊದಲು ಎಂಡ್ಯೂರೋ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ಅದು ನಿಮ್ಮ ಪ್ರಶ್ನೆಗೇ ಸಂಬಂಧಪಟ್ಟದ್ದು. ಮೋಟೋಕ್ರಾಸ್ ಒಂದು ಮೈದಾನದ ಒಳಗೆ ಸುತ್ತು ಹೊಡೆಯುವ ಆಟ. ಎಂಡ್ಯೂರೋ ಹಾಗಲ್ಲ. ದಿನಗಟ್ಟಲೆ ಕಾಡು, ಗುಡ್ಡ, ಹಳ್ಳ ದಾಟುತ್ತಾ ಹೋಗುವ ಸ್ಪರ್ಧೆ ಅದು. ಇದರಲ್ಲಿ ತುಂಬಾ ಹಳೆಯದಾದ ಆರು ದಿನಗಳ ಸ್ಪರ್ಧೆ 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಶುರುವಾಯಿತು. ಒಂದು ಹಂತ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಸವಾರರು ಸಾಮಾನ್ಯ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ಗಾಡಿಗೆ ದೀಪ ಬೇಕು, ನಂಬರ್ ಬೇಕು. ಅಂದರೆ ರಸ್ತೆಗೆ ಇಳಿಯೋದು ಎಂಡ್ಯೂರೋ ಗಾಡಿಯ ಹುಟ್ಟುಗುಣ.

ಆದರೆ ಯುರೋಪಿನಲ್ಲಿ ನಂಬರ್ ಸಿಗುವ ಅಪ್ಪಟ ಎಂಡ್ಯೂರೋ ಗಾಡಿಗಳು ತೀರಾ ಹಗುರ, ತೀರಾ ನಾಜೂಕು. ಅವುಗಳ ಎಂಜಿನ್ ಆಯಿಲ್ ಬದಲಾಯಿಸೋದು ಕಿಲೋಮೀಟರ್ ಲೆಕ್ಕದಲ್ಲಲ್ಲ, ಗಂಟೆ ಲೆಕ್ಕದಲ್ಲಿ. ದಿನಾ ಆಫೀಸಿಗೆ ಹೋಗೋರಿಗೆ ಅದು ಆಗದ ಮಾತು. ನಮ್ಮಲ್ಲಿ ಅಂಗಡಿಗೆ ಹೋಗಿ ಕೊಂಡು, ಆರ್‌ಟಿಓದಲ್ಲಿ ನೋಂದಾಯಿಸಿ ಓಡಿಸೋಕೆ ಸಿಗೋದು ಅದರ ಸೌಮ್ಯ ರೂಪ. ನನ್ನ ಗಾಡಿಯ ಲೆಕ್ಕ ನೋಡಿ: 199.6 ಸಿಸಿ, 19 ಪಿಎಸ್ ಆಸುಪಾಸಿನ ಶಕ್ತಿ, ಮುಂದೆ 21 ಇಂಚಿನ ಗಾಲಿ, ಹಿಂದೆ 18. ಗಾಡಿಯ ಹೊಟ್ಟೆ ನೆಲದಿಂದ 220 ಮಿಲಿಮೀಟರ್ ಎತ್ತರ. ಮುಂದಿನ ಶಾಕ್ ಅಬ್ಸಾರ್ಬರ್ 190 ಮಿಲಿಮೀಟರ್ ಕುಸಿಯುತ್ತದೆ, ಹಿಂದಿನದು 170. ತೂಕ ಸುಮಾರು 158 ಕೆಜಿ. ಇದರಲ್ಲಿ ಶಕ್ತಿಯ ಅಂಕಿಯನ್ನು ಮರೆತುಬಿಡಿ. ಮಣ್ಣಿನಲ್ಲಿ ಕೆಲಸಕ್ಕೆ ಬರೋದು ಆ 21 ಇಂಚಿನ ಗಾಲಿ ಮತ್ತು ತೂಕ. ದೊಡ್ಡ ಗಾಲಿ ಹೊಂಡದ ಒಳಗೆ ಬೀಳದೆ ಅದರ ಮೇಲೆ ಉರುಳಿಕೊಂಡು ಹೋಗುತ್ತದೆ. ತೂಕ ಕಡಿಮೆ ಇದ್ದರೆ ಬಿದ್ದಾಗ ಒಬ್ಬರೇ ಎತ್ತಬಹುದು.

ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಅಪ್ಪಯ್ಯ ಇದೇ ದಾರಿಯಲ್ಲಿ ಮೈಸೂರಿನಲ್ಲಿ ತಯಾರಾದ ಯೆಜ್ದಿ ಓಡಿಸಿದವರು. ಹಿಂದೆ ಗೊಬ್ಬರದ ಚೀಲ ಕಟ್ಟಿಕೊಂಡೇ ಏರು ಹತ್ತಿಸುತ್ತಿದ್ದರು. ಹಾಗಾಗಿ ಎಂಡ್ಯೂರೋ ಇಲ್ಲದೆ ಮಲೆನಾಡಲ್ಲಿ ಬದುಕೋಕೆ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಅವರಿಗೆ ಐವತ್ತು ವರ್ಷಕ್ಕೇ ಸೊಂಟ ಹಿಡಿದುಕೊಂಡಿತು. ನನ್ನ ಗಾಡಿಯಲ್ಲಿ ಒಂದು ಸಲ ಹಿಂದೆ ಕೂತು ಮನೆಗೆ ಬಂದವರು ಇಳಿದ ಮೇಲೆ ಸ್ವಲ್ಪ ಹೊತ್ತು ಗಾಡಿಯ ಮುಂದಿನ ಶಾಕನ್ನೇ ಒತ್ತಿ ಒತ್ತಿ ನೋಡುತ್ತಾ ನಿಂತರು. "ನಮ್ಮ ಕಾಲಕ್ಕೆ ಇದು ಬರಬೇಕಿತ್ತು ಕಣೋ" ಅಂದರು.

ಇನ್ನು ನಿಮ್ಮ ಎತ್ತರ. ಸೀಟು 825 ಮಿಲಿಮೀಟರ್ ಎತ್ತರ ಇದೆ. 5 ಅಡಿ 5 ಇಂಚಿಗೆ ಎರಡೂ ಪಾದ ಪೂರ್ತಿ ಊರಲ್ಲ, ತುದಿಗಾಲು ಸಿಗುತ್ತದೆ. ನಾನು ನಿಮಗಿಂತ ಒಂದು ಇಂಚು ಮಾತ್ರ ಜಾಸ್ತಿ. ಸಿಗ್ನಲ್ಲಿನಲ್ಲಿ ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಜರುಗಿ ಎಡಗಾಲು ಪೂರ್ತಿ ಊರಿ, ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೆ ಇಟ್ಟುಕೊಳ್ಳುತ್ತೇನೆ. ಎರಡು ವಾರದಲ್ಲಿ ರೂಢಿ ಆಗುತ್ತದೆ. ಕಷ್ಟ ಆಗೋದು ರಸ್ತೆ ಒಂದು ಕಡೆಗೆ ಓರೆ ಇದ್ದಾಗ. ಕಾಲು ಇಡುವ ಕಡೆ ಹೊಂಡ ಇದ್ದರೆ ಪಾದಕ್ಕೆ ನೆಲ ಸಿಗಲ್ಲ, ಗಾಡಿ ಅದೇ ಕಡೆಗೆ ವಾಲುತ್ತದೆ. ಅದಕ್ಕೇ ನಿಲ್ಲಿಸುವ ಮುಂಚೆ ಕಾಲು ಎಲ್ಲಿ ಇಡ್ತೀನಿ ಅಂತ ನೋಡಿಕೊಳ್ಳಬೇಕು. ಸೀಟು ಕತ್ತರಿಸಿ ತಗ್ಗಿಸೋದು, ಶಾಕ್ ಇಳಿಸೋದು ಮೊದಲ ಆರು ತಿಂಗಳು ಮಾಡಲೇಬೇಡಿ. ಇದೇ ಗಾಡಿಯ ಪ್ರೊ ಮಾದರಿಯ ಸೀಟು 891 ಮಿಲಿಮೀಟರ್. ಅದರ ಆಸೆ ಸದ್ಯಕ್ಕೆ ಬೇಡ.

ಜನ ಇದನ್ನು ಹಾರಿಸುವ ಗಾಡಿ ಅಂದುಕೊಳ್ಳುತ್ತಾರೆ. ವಿಡಿಯೋಗಳಲ್ಲಿ ತೋರಿಸೋದೂ ಅದನ್ನೇ. ಆದರೆ ಈ ಮೂರು ವರ್ಷದಲ್ಲಿ ನಾನು ಕಲಿತದ್ದು ಬಹುಪಾಲು ನಿಧಾನವಾಗಿ ಹೋಗೋದನ್ನು. ಮೊದಲನೇ ಗೇರಿನಲ್ಲಿ, ಎತ್ತಿನ ಗಾಡಿಯ ವೇಗದಲ್ಲಿ, ಕಾಲು ಊರದೆ ಕೆಸರು ದಾಟೋದು. ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಬೇಕು. ಮಂಡಿಗಳಿಂದ ಟ್ಯಾಂಕನ್ನು ಹಿಡಿಯಬೇಕು. ಕೈಯನ್ನು ಸಡಿಲ ಬಿಡಬೇಕು. ಹ್ಯಾಂಡಲ್ ಅತ್ತಿತ್ತ ಓಲಾಡುತ್ತೆ, ಓಲಾಡಲಿ. ಬಿಗಿ ಹಿಡಿದರೆ ಕೈ ನೋಯುತ್ತೆ, ಗಾಲಿಯೂ ಜಾರುತ್ತೆ. ಕಣ್ಣು ಹತ್ತು ಹದಿನೈದು ಅಡಿ ಮುಂದೆ ಇರಬೇಕು.

ಈ ಕಣ್ಣಿನ ವಿಷಯ ನನಗೆ ಅರ್ಥವಾಗಿದ್ದು ಬಿದ್ದ ಮೇಲೆ. ಎರಡನೇ ಮಳೆಗಾಲ, ಆಗಸ್ಟ್ ತಿಂಗಳು, ಸಂಜೆ ಐದೂವರೆ. ಮನೆಯ ಹತ್ತಿರದ ಏರಿನಲ್ಲಿ ಜೀಪು ಓಡಾಡಿ ಎರಡು ಜಾಡು ಬಿದ್ದಿತ್ತು. ಗಾಲಿಗೆ ಚೈನು ಕಟ್ಟಿದ ಜೀಪು ನೆಲವನ್ನು ಹೇಗೆ ಕೊರೆಯುತ್ತೆ ಅಂತ ನೋಡಿದವರಿಗೆ ಗೊತ್ತು. ಮೊಣಕಾಲಿನಷ್ಟು ಆಳ, ಒಳಗೆ ಕೆಂಪು ನೀರು. ನಡುವಿನ ದಿಬ್ಬದ ಮೇಲೆ ಹೋಗುತ್ತಿದ್ದೆ. ಜಾಡಿಗೆ ಬಿದ್ದುಬಿಟ್ಟರೆ ಅಂತ ಒಮ್ಮೆ ಆ ನೀರನ್ನೇ ನೋಡಿದೆ. ನೋಡಿದ ಕಡೆಗೇ ಗಾಡಿ ಹೋಯಿತು. ಬಲಕ್ಕೆ ಬಿದ್ದೆ. ಫುಟ್‌ರೆಸ್ಟಿನ ಕೆಳಗೆ ಪಾದ ಸಿಕ್ಕಿಕೊಂಡಿತು. ಎಂಜಿನ್ ಇನ್ನೂ ಓಡುತ್ತಿತ್ತು, ಹಿಂದಿನ ಗಾಲಿ ತಿರುಗಿ ಮುಖಕ್ಕೆ ರಾಡಿ ಎರಚುತ್ತಿತ್ತು. ಹೆಬ್ಬೆರಳಿಂದ ಕೆಂಪು ಸ್ವಿಚ್ ಒತ್ತಿ ಆರಿಸಿದೆ. ಆಮೇಲೆ ಮಳೆಯ ಸದ್ದು ಮಾತ್ರ.

ಕಾಲಿಗೆ ಹಾಕಿದ್ದು ತೋಟದ ಗಂಬೂಟು. ಅದು ಇಂಬಳ ತಡೆಯುತ್ತೆ, ಹರಡನ್ನು ಕಾಪಾಡಲ್ಲ. ಹದಿನೆಂಟು ದಿನ ಕುಂಟಿಕೊಂಡು ಓಡಾಡಿದೆ. ವಾಸಿಯಾದ ತಕ್ಷಣ ಹರಡು ಮುಚ್ಚುವ ಗಟ್ಟಿ ಸವಾರಿ ಬೂಟು ತಗೊಂಡೆ. ನೀವು ಗಾಡಿಗೆ ದುಡ್ಡು ಹೊಂದಿಸುವಾಗಲೇ ಹೆಲ್ಮೆಟ್, ಬೂಟು, ಮಂಡಿಯ ಕವಚಕ್ಕೂ ದುಡ್ಡು ತೆಗೆದಿಡಿ. ಕ್ರ್ಯಾಶ್ ಗಾರ್ಡ್, ಸ್ಟಿಕ್ಕರ್, ಫಾಗ್ ಲೈಟ್ ಎಲ್ಲ ಆಮೇಲೆ.

ಬಿದ್ದ ಗಾಡಿ ಎತ್ತೋದನ್ನು ಮನೆಯ ಅಂಗಳದಲ್ಲೇ ಕಲಿತುಕೊಳ್ಳಿ. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಹೊರಕ್ಕೆ ಚಾಚಿ, ಗೇರಿಗೆ ಹಾಕಿ. ಗಾಡಿಗೆ ಬೆನ್ನು ಕೊಟ್ಟು, ಸೊಂಟವನ್ನು ಸೀಟಿಗೆ ಆನಿಸಿ, ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಹಿಡಿಗೆ. ಆಮೇಲೆ ಕಾಲಿನ ಬಲದಿಂದ ಹಿಂದಕ್ಕೆ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾ ಹೋಗಿ. ಬೆನ್ನು ಬಗ್ಗಿಸಿ ಎತ್ತೋಕೆ ಹೋದರೆ ಸೊಂಟ ಹೋಗುತ್ತೆ. ಹಾಗೇ ಕ್ಲಚ್ ಲಿವರಿನ ಕ್ಲಾಂಪನ್ನು ಪೂರ್ತಿ ಬಿಗಿ ಮಾಡಬೇಡಿ. ಸ್ವಲ್ಪ ಸಡಿಲ ಇದ್ದರೆ ಬಿದ್ದಾಗ ಲಿವರ್ ತಿರುಗುತ್ತದೆ, ಮುರಿಯಲ್ಲ.

ಹಳ್ಳದ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಗೊತ್ತಿಲ್ಲದ ನೀರಿಗೆ ಮೊದಲು ನೀವು ಇಳಿದು ನಡೆಯಿರಿ, ಆಮೇಲೆ ಗಾಡಿ. ಹಾವಸೆ ಕಟ್ಟಿದ ಕಲ್ಲು ಎಲ್ಲಿದೆ ಅಂತ ಕಾಲಿಗೆ ಗೊತ್ತಾಗುತ್ತೆ. ನೀರಿನ ಮಧ್ಯೆ ಬಿದ್ದು ಎಂಜಿನ್ ಆರಿದರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತೋಕಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ತಳ್ಳಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ತಿರುಗಿಸಿ ನೀರು ಹೊರಗೆ ಹಾಕಬೇಕು. ನಮ್ಮ ಹಳ್ಳ ತುಂಬಿ ಕೆಂಪಗೆ ಹರಿಯುವ ದಿನ ನಾನು ಗಾಡಿಯನ್ನು ಆಚೆ ದಡದ ಕೊಟ್ಟಿಗೆಯಲ್ಲಿ ಬಿಟ್ಟು ಸಂಕದ ಮೇಲೆ ನಡೆದು ಬರುತ್ತೇನೆ.

ಮೇಂಟೆನೆನ್ಸ್ ಸ್ವಲ್ಪ ಜಾಸ್ತಿನೇ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚೈನು ತೊಳೆದು ಎಣ್ಣೆ ಹಾಕಬೇಕು. ಬೇಸಿಗೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಆದರೆ ಯಾರೂ ಹೇಳದ ಕೆಲಸ ಗಾಲಿಯ ಕಡ್ಡಿಗಳದ್ದು. ಹೊಸ ಗಾಡಿ ಹೊಂಡದಲ್ಲಿ ಓಡಿದ ಮೇಲೆ ಕೆಲವು ಕಡ್ಡಿ ಸಡಿಲ ಆಗುತ್ತವೆ. ಒಂದು ಸಣ್ಣ ಸ್ಪ್ಯಾನರ್ ಹಿಡಿದು ಒಂದೊಂದೇ ಕಡ್ಡಿ ತಟ್ಟುತ್ತಾ ಗಾಲಿ ತಿರುಗಿಸಿ. ಬಿಗಿ ಇರೋದು ಟಿಂಗ್ ಅನ್ನುತ್ತೆ, ಸಡಿಲ ಇರೋದು ಟಪ್ ಅನ್ನುತ್ತೆ. ಎರಡು ನಿಮಿಷದ ಕೆಲಸ. ನನ್ನ ಮಗಳು ಈಗ ಭಾನುವಾರ ಬೆಳಿಗ್ಗೆ ತಾನೇ ತಟ್ಟಿ, "ಅಪ್ಪಾ, ಇಲ್ಲೊಂದು ಟಪ್" ಅಂತ ಕರೆಯುತ್ತಾಳೆ. ಗಾಲಿಯಲ್ಲಿ ಕಡ್ಡಿ ಇರೋದರಿಂದ ಟೈರಿನ ಒಳಗೆ ಟ್ಯೂಬ್ ಇದೆ, ಅದನ್ನೂ ನೆನಪಿಡಿ. ಕೆಸರಿಗೆ ನಾನು ಟೈರಿನ ಗಾಳಿಯನ್ನು 20 ಪಿಎಸ್ಐ ಹತ್ತಿರ ಇಳಿಸುತ್ತೇನೆ. ಅದಕ್ಕಿಂತ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿನ ನಡುವೆ ಸಿಕ್ಕಿ ಹರಿಯುತ್ತದೆ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಲೇಬೇಕು. ಸೀಟಿನ ಹಿಂದೆ ಒಂದು ಕೈಪಂಪು, ಒಂದು ಟ್ಯೂಬ್ ಕಟ್ಟಿಕೊಂಡಿರಿ.

ಬೆಂಗಳೂರಿನ ಓಡಾಟಕ್ಕೆ ಚಿಂತೆ ಬೇಡ. ಎತ್ತರ ಕೂತಿರೋದರಿಂದ ಕಾರುಗಳ ಆಚೆ ಕಾಣುತ್ತೆ, ಹೊಂಡ ಲೆಕ್ಕಕ್ಕಿಲ್ಲ. ಹಿಂದೆ ಕೂರೋರಿಗೆ ಹತ್ತೋದು ಕಷ್ಟ, ಸೀರೆ ಉಟ್ಟವರಿಗಂತೂ ತುಂಬಾ. ಹಾಸನದ ಹೆದ್ದಾರಿಯಲ್ಲಿ 80ರಲ್ಲಿ ಹಾಯಾಗಿ ಹೋಗುತ್ತದೆ, 90 ದಾಟಿದರೆ ಕೈಗೆ ನಡುಕ ಬರುತ್ತೆ. ಹೆದ್ದಾರಿಯೇ ಮುಖ್ಯ ಅನ್ನೋದಾದರೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ನೋಡಿ. ಆದರೆ ಅದು 196 ಕೆಜಿ, ಕೆಸರಲ್ಲಿ ಬಿದ್ದರೆ ಎತ್ತೋಕೆ ಇನ್ನೊಬ್ಬರು ಬೇಕು. 2025ರಲ್ಲಿ ಬಂದ ಕೆಟಿಎಂ 390 ಎಂಡ್ಯೂರೋ ಆರ್ ಚುರುಕಿನ ಗಾಡಿ. ಸೀಟು 860 ಮಿಲಿಮೀಟರ್, ಟ್ಯಾಂಕು 9 ಲೀಟರ್ ಮಾತ್ರ.

ಕಾನೂನಿನ ವಿಷಯ. ಸ್ಪರ್ಧೆಗೆಂದೇ ಮಾರುವ ಗಾಡಿಗೆ ನಮ್ಮಲ್ಲಿ ನಂಬರ್ ಸಿಗಲ್ಲ, ಕಡಿಮೆಗೆ ಸಿಗುತ್ತೆ ಅಂತ ತಗೊಂಡು ಮೋಸ ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರಚನೆ ಬದಲಾಯಿಸುವ ಹಾಗಿಲ್ಲ. ಕನ್ನಡಿ ಕಿತ್ತು, ಸೈಲೆನ್ಸರ್ ಬದಲಾಯಿಸಿ ಊರಿಗೆ ಬರುವ ಹುಡುಗರನ್ನು ನೋಡಿದರೆ ನನಗೆ ಬೇಜಾರಾಗುತ್ತೆ. ಆ ಸದ್ದು ಗುಡ್ಡಕ್ಕೆ ಗುಡ್ಡವೇ ಕೇಳುತ್ತೆ. ಕೊಟ್ಟಿಗೆಯಲ್ಲಿ ಕರು ಬೆದರುತ್ತೆ.

ಸಕಲೇಶಪುರದ ಕಡೆಯವರು ಅಂದಿದ್ದಕ್ಕೆ ಇದನ್ನೂ ಹೇಳಲೇಬೇಕು. ನಮ್ಮ ಗುಡ್ಡದ ಹುಲ್ಲುಗಾವಲು ಮೇಲೆ ಗಾಡಿ ಹತ್ತಿಸಬೇಡಿ. ಗಾಡಿ ಹತ್ತುತ್ತೆ, ಅದು ನನಗೂ ಗೊತ್ತು. ಆದರೆ ಒಂದು ಸಲ ಗಾಲಿ ಹುಲ್ಲಿನ ಬೇರು ಕಿತ್ತರೆ ಜೂನ್‌ನ ಮಳೆ ಅದೇ ಗೆರೆಯಲ್ಲಿ ಇಳಿಯುತ್ತದೆ. ಮೂರು ಮಳೆಗೆ ಅದು ಚರಂಡಿ, ಆಮೇಲೆ ಧರೆ ಕುಸಿತ. ಆ ಹುಲ್ಲು ಹಿಡಿದಿಟ್ಟ ನೀರೇ ಬೇಸಿಗೆಯಲ್ಲಿ ನಮ್ಮ ಹಳ್ಳಕ್ಕೆ, ತೋಟಕ್ಕೆ ಬರೋದು. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದ ಒಳಗೆ ಅನುಮತಿ ಇಲ್ಲದೆ ಹೋದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತದೆ. ಖಾಸಗಿ ತೋಟವಾದರೆ ಮನೆಯವರನ್ನು ಕೇಳಿ. ಕೇಳಿದವರಿಗೆ ನಮ್ಮ ಕಡೆ ದಾರಿ ತೋರಿಸಿ, ಕಾಫಿಯನ್ನೂ ಕೊಡ್ತಾರೆ. ಮಣ್ಣಿನಲ್ಲಿ ಜೋರಾಗಿ ಓಡಿಸುವ ಆಸೆ ಇದ್ದರೆ ಅದಕ್ಕೆಂದೇ ಜಾಗ ಇದೆ. ಡಕಾರ್ ರ‍್ಯಾಲಿಯನ್ನು 2015ರಲ್ಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಹತ್ತಿರ ಡರ್ಟ್ ಪಾರ್ಕ್ ಕಟ್ಟಿದ್ದಾರೆ. ಅಂಥ ಕಡೆ ಎರಡು ದಿನ ಕಲಿತರೆ ನನ್ನ ಹಾಗೆ ಜಾಡಿಗೆ ಬಿದ್ದು ಕಲಿಯಬೇಕಾಗಲ್ಲ.

ಕೊನೆಗೆ, ಶೋರೂಮಿಗೆ ಹೋದಾಗ ಬರೀ ಒಂದು ಸುತ್ತು ಹೊಡೆದು ಬರಬೇಡಿ. ಖಾಲಿ ರಸ್ತೆ ನೋಡಿ, ಮೊದಲನೇ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಐವತ್ತು ಅಡಿ ಎದ್ದು ನಿಂತು ಓಡಿಸಿ. ಆಮೇಲೆ ಸ್ವಲ್ಪ ಓರೆ ಇರುವ ಕಡೆ ನಿಲ್ಲಿಸಿ, ಎಡಗಾಲು ಊರಿ, ಮತ್ತೆ ಹೊರಡಿ. ಇದನ್ನು ಎರಡು ಮೂರು ಸಲ ಮಾಡಿದ ಮೇಲೂ ಭುಜ ಬಿಗಿ ಆಗದಿದ್ದರೆ ಅಡ್ವಾನ್ಸ್ ಕೊಟ್ಟು ಬನ್ನಿ. ಸಾಧ್ಯವಾದರೆ ಜನವರಿಯೊಳಗೆ ತಗೊಳ್ಳಿ, ಮಳೆಗೆ ಮುಂಚೆ ಒಣ ಮಣ್ಣಿನಲ್ಲಿ ನಾಲ್ಕೈದು ತಿಂಗಳು ರೂಢಿಯಾಗಲಿ.