ಹ್ಯಾಕರ್ ಕೇಳಿದ ದುಡ್ಡಿಗಿಂತ ಕೆಲಸ ನಿಂತ ದಿನಗಳೇ ದುಬಾರಿ

ಸಂಸ್ಥೆಗಳ ಮೇಲಿನ ಸೈಬರ್ ದಾಳಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಸೈಬರ್ ದಾಳಿಯಿಂದ ಆ ಕಂಪನಿಗೆ ಇಷ್ಟು ಕೋಟಿ ನಷ್ಟ, ಈ ಕಂಪನಿಗೆ ಅಷ್ಟು ಕೋಟಿ ನಷ್ಟ ಅಂತ ಸುದ್ದಿ ಬರುತ್ತಲೇ ಇರುತ್ತದೆ. ಹೋಗಿದ್ದು ಬರೀ ಡೇಟಾ ತಾನೇ? ಅಷ್ಟೊಂದು ದುಡ್ಡು ಹೋಗುವುದು ಎಲ್ಲಿಗೆ? ಈ ಅಂಕಿಗಳನ್ನು ನಂಬಬಹುದಾ?

ಉತ್ತರ: ಬಹುಪಾಲು ದುಡ್ಡು ಹೋಗುವುದು ಕೆಲಸ ನಿಂತ ದಿನಗಳಿಗೆ. ಕಳ್ಳರ ಜೇಬಿಗೆ ಹೋಗುವುದು ಸಾಮಾನ್ಯವಾಗಿ ಅದರಲ್ಲಿ ಸಣ್ಣ ಪಾಲು. ಕೆಲವು ಸಲ ಸೊನ್ನೆ.

2017ರ ಜೂನ್ 27ರ ನಾಟ್‌ಪೆಟ್ಯಾ ದಾಳಿಯನ್ನೇ ತೆಗೆದುಕೊಳ್ಳಿ. ಅದು ಶುರುವಾಗಿದ್ದು ಉಕ್ರೇನ್‌ನಲ್ಲಿ, ತೆರಿಗೆ ಲೆಕ್ಕಕ್ಕೆ ಬಳಸುವ ಎಂ.ಇ.ಡಾಕ್ ಎಂಬ ಸಾಫ್ಟ್‌ವೇರ್‌ನ ಅಪ್‌ಡೇಟ್ ಮೂಲಕ. ಪರದೆಯ ಮೇಲೆ ಬಿಟ್‌ಕಾಯಿನ್ ಕೇಳುತ್ತಿತ್ತು ನಿಜ. ಆದರೆ ದುಡ್ಡು ಕಟ್ಟಿದರೂ ಫೈಲುಗಳು ವಾಪಸ್ ಬರುವ ದಾರಿಯೇ ಇರಲಿಲ್ಲ. ಹಾಳು ಮಾಡುವುದೇ ಅದರ ಕೆಲಸ. ಉಕ್ರೇನ್‌ನಲ್ಲಿ ಕಚೇರಿ ಇದ್ದ ಬೇರೆ ದೇಶಗಳ ಕಂಪನಿಗಳಿಗೂ ಅದು ಹಬ್ಬಿತು. ಡೆನ್ಮಾರ್ಕ್‌ನ ಹಡಗು ಕಂಪನಿ ಮರ್ಸ್ಕ್ ಅವುಗಳಲ್ಲಿ ಒಂದು.

ಮರ್ಸ್ಕ್‌ನ ಹಡಗುಗಳಿಗೆ ಏನೂ ಆಗಿರಲಿಲ್ಲ. ಆದರೆ ಯಾವ ಕಂಟೇನರ್‌ನಲ್ಲಿ ಏನಿದೆ, ಅದು ಎಲ್ಲಿಗೆ ಹೋಗಬೇಕು ಎಂದು ಹೇಳುವ ಕಂಪ್ಯೂಟರ್ ಸತ್ತಿತ್ತು. ಬಂದರುಗಳ ಗೇಟ್ ಮುಂದೆ ಲಾರಿಗಳು ಸಾಲುಗಟ್ಟಿ ನಿಂತವು. ಸಿಬ್ಬಂದಿ ವಾಟ್ಸಾಪ್‌ನಲ್ಲಿ, ತಮ್ಮ ಸ್ವಂತ ಜಿಮೇಲ್‌ನಲ್ಲಿ ಆರ್ಡರ್ ತೆಗೆದುಕೊಂಡರು. 4,000 ಸರ್ವರ್, 45,000 ಕಂಪ್ಯೂಟರ್, 2,500 ಅಪ್ಲಿಕೇಶನ್‌ಗಳನ್ನು 10 ದಿನದಲ್ಲಿ ಹೊಸದಾಗಿ ಹಾಕಬೇಕಾಯಿತು ಎಂದು ಆಗಿನ ಅಧ್ಯಕ್ಷರೇ ಮುಂದಿನ ವರ್ಷ ದಾವೋಸ್‌ನಲ್ಲಿ ಹೇಳಿದರು.

ಇದರಲ್ಲಿ ಒಂದು ಸಂಗತಿಯನ್ನು ನಾನು ಎಲ್ಲ ಕಡೆ ಹೇಳುತ್ತಿರುತ್ತೇನೆ. ಯಾರು ಲಾಗಿನ್ ಆಗಬಹುದು, ಯಾರಿಗೆ ಏನು ಸಿಗಬೇಕು ಎಂದು ನೋಡಿಕೊಳ್ಳುವ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಎನ್ನುತ್ತಾರೆ. ಮರ್ಸ್ಕ್‌ನಲ್ಲಿ ಅಂಥವು ಸುಮಾರು 150 ಇದ್ದವು, ಒಂದಕ್ಕೊಂದು ನಕಲು ಇದ್ದ ಹಾಗೆ. ಒಂದು ಕೆಟ್ಟರೆ ಇನ್ನೊಂದು ಇದೆಯಲ್ಲ ಎಂಬ ಲೆಕ್ಕ. ಎಲ್ಲವೂ ಒಟ್ಟಿಗೆ ಅಳಿಸಿಹೋದರೆ ಎಂದು ಯಾರೂ ಯೋಚಿಸಿರಲಿಲ್ಲ. ಉಳಿದಿದ್ದು ಘಾನಾ ಕಚೇರಿಯ ಒಂದೇ ಒಂದು. ಯಾಕೆ ಗೊತ್ತಾ? ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಅದು ನೆಟ್‌ವರ್ಕ್‌ನಿಂದ ಕಡಿದುಹೋಗಿತ್ತು! ಅಲ್ಲಿಂದ ಇಂಟರ್ನೆಟ್‌ನಲ್ಲಿ ಕಳಿಸುವುದು ತೀರಾ ನಿಧಾನ. ಘಾನಾ ಸಿಬ್ಬಂದಿಗೆ ಬ್ರಿಟನ್ ವೀಸಾ ಇಲ್ಲ. ಒಬ್ಬರು ನೈಜೀರಿಯಾದ ವಿಮಾನ ನಿಲ್ದಾಣಕ್ಕೆ ಹೋಗಿ ಹಾರ್ಡ್ ಡ್ರೈವ್ ಕೊಟ್ಟರು, ಇನ್ನೊಬ್ಬರು ಅದನ್ನು ಲಂಡನ್‌ಗೆ ಒಯ್ದರು. ಜಗತ್ತಿನ ಅತಿ ದೊಡ್ಡ ಹಡಗು ಕಂಪನಿಗಳಲ್ಲೊಂದು ಉಸಿರಾಡಲು ಶುರು ಮಾಡಿದ್ದು ಹೀಗೆ.

ಮರ್ಸ್ಕ್‌ಗೆ ಆದ ನಷ್ಟ 25ರಿಂದ 30 ಕೋಟಿ ಡಾಲರ್. ಇಡೀ ನಾಟ್‌ಪೆಟ್ಯಾದಿಂದ ಜಗತ್ತಿಗೆ ಆದ ನಷ್ಟ ಸುಮಾರು 1,000 ಕೋಟಿ ಡಾಲರ್ ಎಂದು ಶ್ವೇತಭವನದ ಅಂದಾಜು.

ಇನ್ನು ಅಂಕಿಗಳನ್ನು ನಂಬುವ ವಿಷಯ. ಲೆಕ್ಕ ಹಾಕಿದವರು ಯಾರು ಎಂದು ಮೊದಲು ನೋಡಿ. ಕಂಪನಿ ತನ್ನ ಷೇರುದಾರರಿಗೆ ಕೊಟ್ಟ ಲೆಕ್ಕವಾದರೆ ನಾನು ಹೆಚ್ಚು ನಂಬುತ್ತೇನೆ. 2025ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್‌ನಲ್ಲಿ ಕಾರು ತಯಾರಿಕೆ ಸುಮಾರು ಐದು ವಾರ ನಿಂತಿತು. ಅದರಿಂದ ಬ್ರಿಟನ್‌ಗೆ 190 ಕೋಟಿ ಪೌಂಡ್ ನಷ್ಟ, 5,000ಕ್ಕೂ ಹೆಚ್ಚು ಸಂಸ್ಥೆಗಳಿಗೆ ಪೆಟ್ಟು ಎಂದು ಅಲ್ಲಿನ ಸೈಬರ್ ಮಾನಿಟರಿಂಗ್ ಸೆಂಟರ್ ಹೇಳಿತು. ಇದು ಅಂದಾಜು. ಆದರೆ ಬಿಡಿಭಾಗ ಪೂರೈಸುವವರು, ಮಾರುವವರು ಎಲ್ಲರನ್ನೂ ಸೇರಿಸಿದ ಅಂದಾಜು, ಹಾಗಾಗಿ ಬೆಲೆಯಿದೆ. ಒಂದು ದಾಳಿಗೆ ಸರಾಸರಿ ಇಷ್ಟು ಎಂಬ ಅಂಕಿಯಲ್ಲಿ ಮಾತ್ರ ಹುಷಾರು. ಐಬಿಎಂನ 2024ರ ವರದಿಯಲ್ಲಿ ಒಂದು ಡೇಟಾ ಸೋರಿಕೆಯ ಸರಾಸರಿ ಖರ್ಚು 48.8 ಲಕ್ಷ ಡಾಲರ್. ಹತ್ತು ಜನರ ಸಂಸ್ಥೆಗೂ ಹತ್ತು ಸಾವಿರ ಜನರ ಸಂಸ್ಥೆಗೂ ಅದನ್ನೇ ಅನ್ವಯಿಸಿದರೆ ಸುಮ್ನೆ ತಲೆ ಕೆಡುತ್ತದೆ. ನಿಮ್ಮ ಸಂಸ್ಥೆಯಲ್ಲಿ ಒಂದು ದಿನ ಬಿಲ್ ಹಾಕಲು ಆಗದಿದ್ದರೆ ಎಷ್ಟು ಹೋಗುತ್ತದೆ? ಅದನ್ನು ಹತ್ತರಿಂದ ಗುಣಿಸಿ. ಯಾವ ವರದಿಗಿಂತಲೂ ಅದು ನಿಮಗೆ ಜಾಸ್ತಿ ಉಪಯೋಗ.

ಪ್ರಶ್ನೆ: ನಮ್ಮದು ನಲವತ್ತು ಜನರ ಸಂಸ್ಥೆ. ದೊಡ್ಡ ಬ್ಯಾಂಕು, ಆಸ್ಪತ್ರೆಗಳನ್ನು ಬಿಟ್ಟು ನಮ್ಮ ಮೇಲೆ ಯಾರು ಕಣ್ಣು ಹಾಕುತ್ತಾರೆ?

ಉತ್ತರ: ಕಣ್ಣು ಹಾಕಬೇಕಾಗಿಯೇ ಇಲ್ಲ. ಬಹಳಷ್ಟು ದಾಳಿಗಳು ಊರೆಲ್ಲ ಸುತ್ತಿ ಬೀಗ ಹಾಕದ ಬಾಗಿಲು ಹುಡುಕುವ ಕಳ್ಳನ ಹಾಗೆ. ಮನೆ ಯಾರದ್ದು ಎಂದು ಆಮೇಲೆ ನೋಡುತ್ತಾನೆ. ಅಪ್‌ಡೇಟ್ ಆಗದ ಸಾಫ್ಟ್‌ವೇರ್, ಎಲ್ಲೋ ಸೋರಿದ ಪಾಸ್‌ವರ್ಡ್ ಇವನ್ನು ಪ್ರೋಗ್ರಾಂಗಳೇ ಹಗಲು ರಾತ್ರಿ ಹುಡುಕುತ್ತಿರುತ್ತವೆ. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಎಂಬ ಕೆಟ್ಟ ಪ್ರೋಗ್ರಾಂ 150 ದೇಶಗಳಿಗೆ ತಲುಪಿತು. ಅದು ಬಳಸಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ನಾಳೆ ಹಾಕಿದರಾಯಿತು ಎಂದವರ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಇಂಗ್ಲೆಂಡ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಆಸ್ಪತ್ರೆಗಳೇ ಗುರಿ ಅಂತೇನೂ ಇರಲಿಲ್ಲ.

ದೊಡ್ಡವರಿಗೆ ಪೆಟ್ಟು ಬಿದ್ದರೆ ತಡೆದುಕೊಳ್ಳುತ್ತಾರೆ. ಚಿಕ್ಕವರಿಗೆ ಆ ತಾಕತ್ತು ಇರುವುದಿಲ್ಲ. ಬ್ರಿಟನ್‌ನ ಕೆಎನ್‌ಪಿ ಎಂಬ ಸಾರಿಗೆ ಕಂಪನಿ 158 ವರ್ಷ ಹಳೆಯದು. 2023ರಲ್ಲಿ ಅದರ ಮೇಲೆ ರ‍್ಯಾನ್ಸಮ್‌ವೇರ್ ದಾಳಿ, ಅಂದರೆ ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ದಾಳಿ, ಆಯಿತು. ಒಬ್ಬ ನೌಕರನ ಪಾಸ್‌ವರ್ಡನ್ನು ಊಹಿಸಿ ಒಳಗೆ ಬಂದರು ಎನ್ನಲಾಗಿದೆ. ವ್ಯಾಪಾರ ಮೊದಲೇ ಅಷ್ಟಕ್ಕಷ್ಟೇ ಇತ್ತು. ದಾಳಿಯಾದ ಮೇಲೆ ತುರ್ತಾಗಿ ಬೇಕಿದ್ದ ಬಂಡವಾಳ ಹುಟ್ಟಲಿಲ್ಲ. ಕೆಲವೇ ತಿಂಗಳಲ್ಲಿ ಬಾಗಿಲು ಹಾಕಿತು, ಸುಮಾರು 700 ಜನ ಕೆಲಸ ಕಳೆದುಕೊಂಡರು.

ಇನ್ನೊಂದು ಮಾತು. ನೀವು ಚಿಕ್ಕವರಿರಬಹುದು, ನಿಮ್ಮ ಗಿರಾಕಿ ದೊಡ್ಡವರಿರಬಹುದು. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 4 ಕೋಟಿ ಕಾರ್ಡ್‌ಗಳ ವಿವರ ಕದ್ದವರು ಒಳಗೆ ನುಗ್ಗಿದ್ದು ಏಸಿ ಮತ್ತು ಫ್ರಿಜ್ ಕೆಲಸದ ಗುತ್ತಿಗೆದಾರರ ಲಾಗಿನ್ ಬಳಸಿ.

ಪ್ರಶ್ನೆ: ಫೈಲುಗಳೆಲ್ಲ ಲಾಕ್ ಆಗಿ ದುಡ್ಡು ಕೇಳಿದರೆ ಕೊಟ್ಟು ಮುಗಿಸುವುದೇ ವಾಸಿ ಅಲ್ವಾ? ಕೆಲಸ ನಿಂತ ದಿನಗಳಿಗಿಂತ ಅದೇ ಅಗ್ಗ ಅಂತ ನಮ್ಮ ಮಾಲೀಕರ ವಾದ.

ಉತ್ತರ: ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ ಲಾಕ್ ಬಿಡಿಸುವ ಕೀ ಸಿಕ್ಕ ಮಾತ್ರಕ್ಕೆ ಮರುದಿನ ಕೆಲಸ ಶುರುವಾಗುವುದಿಲ್ಲ.

ಐರ್ಲೆಂಡ್‌ನ ಸರ್ಕಾರಿ ಆರೋಗ್ಯ ಸೇವೆ ಎಚ್‌ಎಸ್‌ಇ ಇದಕ್ಕೆ ಒಳ್ಳೆಯ ಪರೀಕ್ಷೆ. 2021ರ ಮೇ 14ರಂದು ಅದರ ವ್ಯವಸ್ಥೆ ಲಾಕ್ ಆಯಿತು. ಡಾಕ್ಟರು, ನರ್ಸ್‌ಗಳು ಪೆನ್ನು ಕಾಗದ ಹಿಡಿದರು. ದುಡ್ಡು ಕೊಡುವುದಿಲ್ಲ ಎಂದು ಸರ್ಕಾರ ಹೇಳಿತು. ವಾರ ಕಳೆಯುವುದರೊಳಗೆ ದಾಳಿಕೋರರೇ ಕೀ ಕೊಟ್ಟರು, ಬಿಡಿಗಾಸು ಪಡೆಯದೆ. ಹಾಗಿದ್ದೂ ಎಲ್ಲ ಸರ್ವರ್‌ಗಳು ಸರಿಹೋಗುವ ಹೊತ್ತಿಗೆ ಸೆಪ್ಟೆಂಬರ್ 21 ಆಗಿತ್ತು. ಪುಕ್ಕಟೆ ಕೀ ಸಿಕ್ಕವರಿಗೇ ನಾಲ್ಕು ತಿಂಗಳು! ಪ್ರತಿ ಸರ್ವರ್ ಬಿಡಿಸಬೇಕು, ಒಳಗೆ ಇನ್ನೇನಾದರೂ ಅಡಗಿದೆಯಾ ನೋಡಬೇಕು, ಸ್ವಚ್ಛ ಮಾಡಬೇಕು, ಆಮೇಲೆ ಒಂದೊಂದಾಗಿ ಜೋಡಿಸಬೇಕು. ಈ ಕೆಲಸ ದುಡ್ಡು ಕೊಟ್ಟರೂ ತಪ್ಪಿದ್ದಲ್ಲ. 2021ರಲ್ಲೇ ಅಮೆರಿಕದಲ್ಲಿ ಇಂಧನ ಸಾಗಿಸುವ ಕೊಲೋನಿಯಲ್ ಪೈಪ್‌ಲೈನ್ ಸುಮಾರು 44 ಲಕ್ಷ ಡಾಲರ್ ಕೊಟ್ಟು ಕೀ ತಂದಿತು. ಅದು ಎಷ್ಟು ನಿಧಾನ ಎಂದರೆ, ಕಂಪನಿ ತನ್ನ ಬ್ಯಾಕಪ್‌ನಿಂದಲೇ ಕೆಲಸ ಮುಂದುವರಿಸಬೇಕಾಯಿತು.

ಡೇಟಾ ಕದ್ದು ಬೆದರಿಸುವವರ ಮಾತಿಗಂತೂ ಗ್ಯಾರಂಟಿಯೇ ಇಲ್ಲ. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಆಸ್ಪತ್ರೆ ಬಿಲ್, ವಿಮೆ ಕ್ಲೇಮ್ ನೋಡಿಕೊಳ್ಳುವ ಚೇಂಜ್ ಹೆಲ್ತ್‌ಕೇರ್ ಮೇಲೆ ದಾಳಿ ನಡೆಯಿತು. ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆ ಇನ್ನೊಂದು ಪರೀಕ್ಷೆ) ಇಲ್ಲದ ಒಂದು ಪೋರ್ಟಲ್ ಮೂಲಕ ಕಳ್ಳರು ಬಂದಿದ್ದರು. ಕಂಪನಿ 2.2 ಕೋಟಿ ಡಾಲರ್ ಕೊಟ್ಟಿತು. ಗುಂಪಿನ ಮುಖ್ಯಸ್ಥರು ಅಷ್ಟನ್ನೂ ಎತ್ತಿಕೊಂಡು ಮಾಯವಾದರು. ನನ್ನ ಪಾಲು ಬರಲಿಲ್ಲ, ಡೇಟಾ ಇನ್ನೂ ನನ್ನ ಹತ್ತಿರ ಇದೆ ಎಂದು ಗುಂಪಿನ ಜೊತೆ ಪಾಲಿಗೆ ದಾಳಿ ಮಾಡಿದವನು ಕೂಗಾಡಿದ. ಸ್ವಲ್ಪ ದಿನಕ್ಕೆ ಇನ್ನೊಂದು ಗುಂಪಿನ ಹೆಸರಿನಲ್ಲಿ ಮತ್ತೆ ಬೇಡಿಕೆ ಬಂತು. ಸುಮಾರು 19 ಕೋಟಿ ಜನರ ಮಾಹಿತಿ ಅದು. ಮಾತೃಸಂಸ್ಥೆಗೆ ಬಿದ್ದ ಹೊರೆ ಆ ಒಂದು ವರ್ಷದಲ್ಲೇ 300 ಕೋಟಿ ಡಾಲರ್ ದಾಟಿತು. ಒತ್ತೆಹಣವನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಎಂದೂ ಕೊಡಬಾರದು ಎಂದು ನಾನು ಹಟ ಹಿಡಿಯುವುದಿಲ್ಲ. ರೋಗಿಗಳ ಜೀವದ ಪ್ರಶ್ನೆ ಬಂದಾಗ ಹೊರಗೆ ಕೂತು ಉಪದೇಶ ಮಾಡುವುದು ಸುಲಭ. ಆದರೆ ಬೇರೆ ದಾರಿ ಇಲ್ಲದಾಗಷ್ಟೇ ಅದು. ಮೊದಲು ಪೊಲೀಸರಿಗೆ, ವಕೀಲರಿಗೆ ಹೇಳಿ. ಆ ಗುಂಪು ಸರ್ಕಾರಗಳ ನಿರ್ಬಂಧದ ಪಟ್ಟಿಯಲ್ಲಿದ್ದರೆ ದುಡ್ಡು ಕೊಡುವುದೇ ಅಪರಾಧ ಆಗಬಹುದು. ನಿಮ್ಮ ಮಾಲೀಕರನ್ನು ಇವತ್ತೇ ಕೇಳಬೇಕಾದ ಪ್ರಶ್ನೆ ಬೇರೆ: ಬ್ಯಾಕಪ್‌ನಿಂದ ಒಂದು ಸರ್ವರನ್ನು ಪೂರ್ತಿ ಎಬ್ಬಿಸಿ ನೋಡಿದ್ದು ಕಡೆಯದಾಗಿ ಯಾವಾಗ? ಬ್ಯಾಕಪ್ ಇದೆ ಎನ್ನುವವರು ತುಂಬಾ ಜನ. ಅದರಿಂದ ಎಬ್ಬಿಸಲು ಎಷ್ಟು ಗಂಟೆ ಬೇಕು ಎಂದು ಗಡಿಯಾರ ನೋಡಿ ಹೇಳಬಲ್ಲವರು ಕಡಿಮೆ. ಒಂದು ಪ್ರತಿಯಾದರೂ ನೆಟ್‌ವರ್ಕ್‌ನಿಂದ ಬೇರೆ ಇರಲಿ. ಒಳಗೆ ಬಂದವರು ಮೊದಲು ಹುಡುಕಿ ಅಳಿಸುವುದೇ ಬ್ಯಾಕಪ್‌ಗಳನ್ನು.

ಪ್ರಶ್ನೆ: ನಾನು ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ನಮಗೆ ಸಾಮಾನು ಪೂರೈಸುವವರಿಂದ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಅಂತ ಇಮೇಲ್ ಬಂದಿದೆ. ವಿಳಾಸವೂ ಅವರದ್ದೇ. ನಂಬಬಹುದಾ?

ಉತ್ತರ: ನಂಬಬೇಡಿ. ಅವರ ಮೇಲ್‌ಬಾಕ್ಸ್ ಒಳಗೇ ಯಾರೋ ಕೂತಿದ್ದರೆ ವಿಳಾಸ ಅಸಲಿಯೇ ಇರುತ್ತದೆ. ಹಳೆಯ ಫೈಲ್‌ನಲ್ಲಿರುವ ಫೋನ್ ನಂಬರ್‌ಗೆ ಕರೆ ಮಾಡಿ ಕೇಳಿ. ಇಮೇಲ್‌ನಲ್ಲಿ ಕೊಟ್ಟ ನಂಬರ್‌ಗೆ ಬೇಡ.

ರ‍್ಯಾನ್ಸಮ್‌ವೇರ್‌ನಷ್ಟು ಸದ್ದು ಮಾಡದಿದ್ದರೂ ಈ ಥರದ ಇಮೇಲ್ ಮೋಸದಿಂದ 2024ರಲ್ಲಿ 277 ಕೋಟಿ ಡಾಲರ್ ಹೋಯಿತು ಎಂದು ಅಮೆರಿಕದ ಎಫ್‌ಬಿಐಗೆ ದೂರು ಬಂದಿದೆ. ಈಗ ಮುಖವನ್ನೂ ನಂಬುವ ಹಾಗಿಲ್ಲ. ಬ್ರಿಟನ್‌ನ ಎಂಜಿನಿಯರಿಂಗ್ ಕಂಪನಿ ಅರೂಪ್‌ನ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರಿಗೆ ಮೊದಲು ಇಮೇಲ್ ಬಂದಾಗ ಅನುಮಾನ ಬಂದಿತ್ತು. ಆಮೇಲೆ ವಿಡಿಯೋ ಕಾಲ್‌ನಲ್ಲಿ ಹಣಕಾಸು ಮುಖ್ಯಸ್ಥರು, ಪರಿಚಯದ ಸಹೋದ್ಯೋಗಿಗಳು ಎಲ್ಲ ಕಾಣಿಸಿಕೊಂಡರು. ಅನುಮಾನ ಹೋಯಿತು. ಆ ಕಾಲ್‌ನಲ್ಲಿದ್ದ ಉಳಿದವರೆಲ್ಲ ಕಂಪ್ಯೂಟರ್ ಸೃಷ್ಟಿಸಿದ ನಕಲಿ ಮುಖಗಳು, ಅಂದರೆ ಡೀಪ್‌ಫೇಕ್. ಹೋಗಿದ್ದು ಸುಮಾರು 2.5 ಕೋಟಿ ಅಮೆರಿಕನ್ ಡಾಲರ್.

ದುಡ್ಡು ಈಗಾಗಲೇ ಕಳಿಸಿದ್ದರೆ ಮೀಟಿಂಗ್ ಕರೆಯುತ್ತಾ ಕೂರಬೇಡಿ. ಆ ಕ್ಷಣವೇ ಬ್ಯಾಂಕ್‌ಗೆ ಫೋನ್ ಮಾಡಿ ತಡೆಹಿಡಿಯಲು ಹೇಳಿ.

ಪ್ರಶ್ನೆ: ಕೆಟ್ಟ ಲಿಂಕ್ ಒತ್ತಿದ ನೌಕರನನ್ನು ತೆಗೆದುಹಾಕಿದರೆ ಉಳಿದವರಿಗೆ ಬುದ್ಧಿ ಬರುತ್ತದೆ ಅಲ್ವಾ? ಹೇಗೂ ಸೈಬರ್ ವಿಮೆ ಇದೆಯಲ್ಲ?

ಉತ್ತರ: ಉಳಿದವರಿಗೆ ಬರುವ ಬುದ್ಧಿ ಒಂದೇ, ಒತ್ತಿದ್ದನ್ನು ಮುಚ್ಚಿಡುವುದು. ಹತ್ತೇ ನಿಮಿಷದಲ್ಲಿ ಫೋನ್ ಮಾಡಿ 'ಏನೋ ಒತ್ತಿಬಿಟ್ಟೆ' ಎನ್ನುವ ನೌಕರ ನಿಮಗೆ ಬೇಕಾದವನು. ಎಚ್‌ಎಸ್‌ಇಯಲ್ಲಿ ವ್ಯವಸ್ಥೆ ಲಾಕ್ ಆಗುವ ಮೊದಲು, ಮಾರ್ಚ್ 18ರಂದು ಒಬ್ಬರು ಇಮೇಲ್‌ನಲ್ಲಿ ಬಂದ ಎಕ್ಸೆಲ್ ಫೈಲ್ ತೆರೆದಿದ್ದರು. ಮಾರ್ಚ್ 31ಕ್ಕೆ ಅದೇ ಕಂಪ್ಯೂಟರ್‌ನ ಆಂಟಿವೈರಸ್ ಹ್ಯಾಕರ್‌ಗಳ ಸಾಧನಗಳನ್ನು ಗುರುತಿಸಿತ್ತು ಕೂಡ. ಆದರೆ ಅದನ್ನು ಬರೀ ನೋಡುವಂತೆ ಸೆಟ್ ಮಾಡಿದ್ದರು, ತಡೆಯುವಂತೆ ಅಲ್ಲ. ದಾಳಿಕೋರರು ಎಂಟು ವಾರ ಒಳಗೇ ಓಡಾಡಿಕೊಂಡಿದ್ದರು. ಇದನ್ನೆಲ್ಲ ಆ ಒಂದು ಕ್ಲಿಕ್ಕಿನ ತಲೆಗೆ ಕಟ್ಟುವುದು ನ್ಯಾಯವಾ?

ವಿಮೆ ಇರಲಿ, ಒಳ್ಳೆಯದೇ. ಆದರೆ ಷರತ್ತುಗಳನ್ನು ಓದಿ. ನಾಟ್‌ಪೆಟ್ಯಾದಿಂದ ಪೆಟ್ಟು ತಿಂದ ಔಷಧ ಕಂಪನಿ ಮರ್ಕ್ 140 ಕೋಟಿ ಡಾಲರ್ ಕ್ಲೇಮ್ ಮಾಡಿದಾಗ, ಇದು ರಷ್ಯಾ ಉಕ್ರೇನ್ ಮೇಲೆ ಮಾಡಿದ ಯುದ್ಧದ ಕೃತ್ಯ, ಕೊಡುವುದಿಲ್ಲ ಎಂದು ವಿಮಾ ಕಂಪನಿಗಳು ಕೈಯೆತ್ತಿದವು. ಮೇಲ್ಮನವಿ ಕೋರ್ಟ್ ಮರ್ಕ್ ಪರ ತೀರ್ಪು ಕೊಟ್ಟಿದ್ದು 2023ರಲ್ಲಿ. ಅರ್ಜಿಯಲ್ಲಿ 'ಎಲ್ಲ ಲಾಗಿನ್‌ಗೂ ಎರಡು ಹಂತದ ದೃಢೀಕರಣ ಇದೆ' ಎಂದು ಟಿಕ್ ಮಾಡಿದ್ದರೆ ಅದು ನಿಜವಾಗಿಯೂ ಇರಬೇಕು. ಮತ್ತೆ, ಪಾಲಿಸಿಯನ್ನು ಸರ್ವರ್‌ನಲ್ಲಿ ಇಡಬೇಡಿ. ಒಳಗೆ ಬಂದವರು ಅದನ್ನೂ ಹುಡುಕುತ್ತಾರೆ, ಎಷ್ಟು ಮೊತ್ತಕ್ಕೆ ವಿಮೆ ಇದೆ ಎಂದು ನೋಡಿ ಅಷ್ಟೇ ಕೇಳುತ್ತಾರೆ. ಪ್ರಿಂಟ್ ತೆಗೆದು, ವಿಮಾ ಕಂಪನಿಯ ತುರ್ತು ನಂಬರ್ ಅದರ ಮೇಲೇ ಬರೆದು ಬೀರುವಿನಲ್ಲಿಡಿ.